ಇಪ್ಪತ್ತೊಂದು ದಿನದ ಸೋರಿಕೆ

ನಮ್ಮ ಕಣಗಲಾ ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಹಗಲಿರುಳು ಗಾಡಿಗಳು ಓಡುವ ಈ ದಾರಿಯಲ್ಲಿ ಅಪಘಾತವಾದರೆ ಕಂಡವರು ಮೊದಲು ಕರೆಯುವುದು 108ಕ್ಕೆ. 2008ರ ನವೆಂಬರ್ 1ರಂದು ಆರಂಭವಾದ ಈ ‘ಆರೋಗ್ಯ ಕವಚ’ದ ಹಿಂದೆ ಗಣಕಯಂತ್ರವೊಂದು ನಿದ್ದೆಯಿಲ್ಲದೆ ಕುಳಿತಿದೆಯೆಂಬುದು ನಮ್ಮ ನೆನಪಿಗೆ ಬರುವುದು ಅದು ಕೆಟ್ಟಾಗ ಮಾತ್ರ, 2022ರ ಸೆಪ್ಟೆಂಬರಿನಲ್ಲಿ ಹಾಗೆ ಬಂದಿತ್ತು. ಕೆಟ್ಟ ಯಂತ್ರವೇನೋ ಕಣ್ಣಿಗೆ ಕಾಣುತ್ತದೆ. ಒಂದು ತಪ್ಪು ಉತ್ತರವನ್ನೂ ಕೊಡದೆ, ಒಳಗೊಳಗೇ ಸೊರಗಿ, ಒಂದು ರಾತ್ರಿ ನಿಂತೇಹೋಗುವ ಯಂತ್ರದ ಸಂಗತಿ ಬೇರೆ.

ಲಂಡನ್ ನಗರದ ಆಂಬುಲೆನ್ಸ್ ಸೇವೆಗೆ ದಿನಕ್ಕೆ 2,000ಕ್ಕೂ ಮೇಲ್ಪಟ್ಟು ಕರೆಗಳು ಬರುತ್ತಿದ್ದವು. ಗಾಡಿಗಳನ್ನು ಕಳಿಸುವ ಹೊಣೆಯನ್ನು 1992ರ ಅಕ್ಟೋಬರ್ 26ರಂದು ಪೂರ್ತಿಯಾಗಿ ಗಣಕಯಂತ್ರಕ್ಕೆ ಒಪ್ಪಿಸಿದರು. ಎರಡೇ ದಿನದಲ್ಲಿ ಗೊಂದಲವಾಗಿ, ಅರ್ಧ ಕೈಕೆಲಸ ಅರ್ಧ ಯಂತ್ರ ಎಂಬ ಹಳೆಯ ಏರ್ಪಾಡಿಗೆ ಮರಳಿದರು. ಎಲ್ಲವೂ ಹಳಿಗೆ ಬಂತೆನ್ನುವಷ್ಟರಲ್ಲಿ, ನವೆಂಬರ್ 4ರ ನಸುಕಿನ ಎರಡು ಗಂಟೆ ದಾಟಿದ ಮೇಲೆ, ಯಂತ್ರ ಮೊದಲು ನಿಧಾನವಾಯಿತು, ಬಳಿಕ ಸ್ತಬ್ಧವಾಯಿತು. ಮತ್ತೆ ಚಾಲೂ ಮಾಡಿದರೂ ಏಳಲಿಲ್ಲ. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಯಂತ್ರವೂ ಕೈಕೊಟ್ಟಿತು. ಕೊನೆಗೆ ಕಾಗದ, ಪೆನ್ಸಿಲು, ಟೆಲಿಫೋನುಗಳೇ ಗತಿಯಾದವು.

1993ರ ಫೆಬ್ರವರಿಯಲ್ಲಿ ಬಂದ ವಿಚಾರಣಾ ವರದಿ ಕಾರಣವನ್ನು ಹೇಳಿತು. ಸುಮಾರು ಮೂರು ವಾರಗಳ ಹಿಂದೆ ಏನೋ ತಿದ್ದುಪಡಿ ಮಾಡುತ್ತಿದ್ದ ಕ್ರಮವಿಧಿಕಾರ ಒಂದು ತುಣುಕನ್ನು ಹಾಗೆಯೇ ಬಿಟ್ಟುಬಿಟ್ಟಿದ್ದ. ಪ್ರತಿಯೊಂದು ಗಾಡಿಯನ್ನು ಕಳಿಸುವಾಗಲೂ ಅದು ಯಂತ್ರದ ಸ್ಮೃತಿಯಲ್ಲಿ ಚೂರು ಜಾಗ ಹಿಡಿಯುತ್ತಿತ್ತು, ಮರಳಿ ಬಿಡುತ್ತಿರಲಿಲ್ಲ. ಮೂರು ವಾರಕ್ಕೆ ಜಾಗವೆಲ್ಲ ತೀರಿತು. ಒಂದು ಗಂಟೆ ಪರೀಕ್ಷಿಸಿ ನೋಡಿದವನಿಗೆ ಇದು ಹೇಗೆ ತಾನೇ ತಿಳಿಯಬೇಕು?

ಇದಕ್ಕೆ ‘ಮೆಮರಿ ಲೀಕ್’, ಅಂದರೆ ಸ್ಮೃತಿಯ ಸೋರಿಕೆ, ಎಂದು ಹೆಸರು. ಈ ಹೆಸರು ನನಗೆ ಒಪ್ಪಿಗೆಯಿಲ್ಲ. ಸೋರಿದ ನೀರು ಗಡಿಗೆಯಿಂದ ಹೊರಗೆ ಹೋಗುತ್ತದೆ. ಇಲ್ಲಿ ಜಾಗ ಒಳಗೇ ಉಳಿದು ಯಾರಿಗೂ ದಕ್ಕದೆ ಹೋಗುತ್ತದೆ. ಕಾಲುವೆಯಂಚಿನ ಸವಳು ಹೊಲದ ಹೋಲಿಕೆ ಹೆಚ್ಚು ಸರಿ: ಭೂಮಿ ಎಲ್ಲಿಗೂ ಹೋಗಿಲ್ಲ, ಉತಾರದಲ್ಲಿಯೂ ಇದೆ, ಬಿತ್ತಲು ಮಾತ್ರ ಬಾರದು.

ಹಗಲಿರುಳು ದೂರದ ಯಂತ್ರಗಳ ಕ್ಷೇಮಸಮಾಚಾರ ವಿಚಾರಿಸುತ್ತ ತಿಂಗಳುಗಟ್ಟಲೆ ನಡೆಯುವ ಜಾಲ ನಿರ್ವಹಣೆಯ ಕ್ರಮವಿಧಿಗಳಿಗೆ ಈ ವ್ಯಾಧಿಯ ಭಯ ಹೆಚ್ಚು. ವಾರಕ್ಕೊಮ್ಮೆ ನಿಲ್ಲಿಸಿ ಮತ್ತೆ ಹಚ್ಚುವುದು ರೂಢಿಯ ಮದ್ದು. ಅದರಿಂದ ಗಡುವು ಮುಂದೆ ಹೋದೀತು, ರೋಗ ಹೋಗದು. ಬಲ್ಲವರು ಮೊದಲು ಕೆಲಸದ ಹೊರೆಯನ್ನು ಒಂದೇ ಸಮನಾಗಿಟ್ಟು, ಹಿಡಿದ ಜಾಗವನ್ನು ಗಂಟೆಗಂಟೆಗೆ ಬರೆದಿಡುತ್ತಾರೆ. ಹೊರೆ ಏರದೆ ಜಾಗ ಮಾತ್ರ ಏರುತ್ತಲೇ ಹೋದರೆ ಸಂಶಯಕ್ಕೆ ಆಧಾರ ಸಿಕ್ಕಿತು. ಆಮೇಲಿನದು ನಮ್ಮ ಕಾಲೇಜು ಗ್ರಂಥಾಲಯದ ರಿಜಿಸ್ಟರಿನಂತೆ: ಯಾರು, ಯಾವಾಗ, ಎಷ್ಟು ಒಯ್ದರು, ಯಾವುದು ಮರಳಿಲ್ಲ. ಈ ರಿಜಿಸ್ಟರನ್ನು ತಾನೇ ಬರೆಯುವ ‘ಪ್ಯೂರಿಫೈ’ ಎಂಬ ಸಾಧನ 1991ರಷ್ಟು ಹೊತ್ತಿಗೇ ಬಂದಿತ್ತು. 2002ರಲ್ಲಿ ಜೂಲಿಯನ್ ಸೀವರ್ಡ್ ‘ವಾಲ್‌ಗ್ರಿಂಡ್’ ಎಂಬುದನ್ನು ಯಾರು ಬೇಕಾದರೂ ಬಳಸಲೆಂದು ಮುಕ್ತವಾಗಿ ಕೊಟ್ಟರು. ಅದರ ಕಾವಲಿನಲ್ಲಿ ಕ್ರಮವಿಧಿ ಹತ್ತಾರು ಪಟ್ಟು ನಿಧಾನವಾಗಿ ನಡೆಯುತ್ತದೆ. ಆದ್ದರಿಂದ ಆಂಬುಲೆನ್ಸ್ ಕಳಿಸುವ ಯಂತ್ರದ ಮೇಲೆ ನೇರವಾಗಿ ಹಚ್ಚುವಂತಿಲ್ಲ. ಪ್ರಯೋಗಶಾಲೆಯಲ್ಲಿ ಅಂಥದೇ ಇನ್ನೊಂದನ್ನು ನಿಲ್ಲಿಸಿ, ಸುಳ್ಳು ಕರೆಗಳನ್ನು ಸಾವಿರಗಟ್ಟಲೆ ಸುರಿದು, ಮೂರು ವಾರದ ದುಡಿಮೆಯನ್ನು ಮೊದಲೇ ಮಾಡಿಸಿ ನೋಡಬೇಕು.