ವಿಹಾರಕ್ಕೂ ಒಂದು ಸರದಿ

ಹೊತ್ತು ಇಳಿಯುವಾಗ ದೋಣಿ ಹತ್ತಿ, ಹೊನ್ನಾವರದ ಶರಾವತಿ ಅಳಿವೆಯ ಕಾಂಡ್ಲಾ ಗಿಡಗಳ ನಡುವೆ ಸುತ್ತಿ ಬರುವ ಸುಖ ಕರಾವಳಿಯದು. ವಿಜಯಪುರ, ತಿಕೋಟಾ, ಬಬಲೇಶ್ವರದ ಎರೆಹೊಲಗಳ ಸೀಮೆಗೆ ಅದು ದೂರದ ಮಾತು. ಇಲ್ಲಿ ಜೋಳ ಕೈಗೆ ಹತ್ತುವುದೇ ಮಳೆಯ ಮರ್ಜಿಯ ಮೇಲೆ. ಆದರೂ ನೀರಿನ ನಡುವೆ ಕೂತು ಸಂಜೆ ಕಳೆಯುವ ಬಯಕೆ ಇಲ್ಲಿಯೂ ಹಳೆಯದೇ. ವಿಜಯಪುರದ ಸಾತ್ ಮಂಜಿಲ್ ಎದುರಿನ ಪುಟ್ಟ ಜಲಮಂಜಿಲ್ ಒಂದು ಕಾಲಕ್ಕೆ ಸುತ್ತಲೂ ನೀರು ತುಂಬಿದ ಹೊಂಡದ ನಡುವೆ ನಿಂತಿತ್ತು. ನಗರದ ಪೂರ್ವಕ್ಕೆ, ಸಿಂದಗಿ ದಾರಿಯ ಕುಮಟಗಿಯಲ್ಲೂ ಹೊಂಡದ ಮಧ್ಯೆ ಆದಿಲ್‌ಶಾಹಿಗಳ ಬೇಸಿಗೆ ಮಂಟಪವಿದೆ. ಅಲ್ಲಿ ಎತ್ತರದ ಗೋಪುರಕ್ಕೆ ಏರಿಸಿದ ನೀರು ಕೊಳವೆಯಲ್ಲಿ ಇಳಿದು, ಚಾವಣಿಯ ಸಣ್ಣ ರಂಧ್ರಗಳಿಂದ ಸೋನೆಮಳೆಯಂತೆ ಉದುರುತ್ತಿತ್ತು.

1510ರಲ್ಲಿ ಪೋರ್ಚುಗೀಸರಿಗೆ ಗೋವೆಯನ್ನು ಕಳೆದುಕೊಂಡ ಮನೆತನ ಮಾಂಡೋವಿ ತೀರದ ನೆನಪಿಗೆ ಈ ಮಂಟಪಗಳನ್ನು ಕಟ್ಟಿಸಿತು ಎಂದು ಊಹಿಸುವುದು ಸುಲಭ. ಊಹೆ ಚೆಂದವಾಗಿದೆ, ಆಧಾರ ಸಾಲದು. ಇಲ್ಲಿಯ ಬಿಸಿಲೊಂದೇ ಸಾಕಷ್ಟು ಕಾರಣ. ಆ ನೀರು ಎಲ್ಲಿಂದ ಬಂತು, ಅದಕ್ಕೂ ಮೊದಲು ಯಾರ ಬಾಯಾರಿಕೆ ತಣಿಸಿತು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. 1565ರ ತಾಳಿಕೋಟೆ ಯುದ್ಧದ ನಂತರ ನಗರ ಬೆಳೆದಾಗ ಒಂದನೆಯ ಅಲಿ ಆದಿಲ್‌ಶಾಹ 1579ರಲ್ಲಿ ಚಾಂದ್ ಬಾವಡಿ ಕಟ್ಟಿಸಿದ. ತಿಕೋಟಾ ದಿಕ್ಕಿನ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ನಗರಕ್ಕೆ ಹರಿಯಿತು. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಮಹಮ್ಮದ್ ಆದಿಲ್‌ಶಾಹನ ಬೇಗಂ ತಲಾಬ್ ಬಂದವು. ಬೇಗಂ ತಲಾಬಿನ ನೀರು ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಸಾಗುತ್ತಿತ್ತು. ದಾರಿಯುದ್ದಕ್ಕೂ ನಿಂತ ಗಂಜ್ ಎಂಬ ಗೋಪುರಗಳು ಕೊಳವೆ ಒಡೆಯದಂತೆ ಒತ್ತಡ ತಗ್ಗಿಸುತ್ತಿದ್ದವು, ಕೆಸರು ತಳಕ್ಕೆ ಇಳಿಯಲೂ ಅನುವಾಗುತ್ತಿತ್ತು. ಕುಮಟಗಿಯ ಸೋನೆಮಳೆ ಈ ವಿದ್ಯೆಯದೇ ಇನ್ನೊಂದು ಮುಖ ಎಂಬುದು ನನ್ನ ತರ್ಕ. ನೀರು ಪೂರೈಸಲು ಕಲಿತ ಕೈಗಳೇ ನೀರಾಟವನ್ನೂ ಸಾಧಿಸಿದವು. ಈ ಸೀಮೆಯಲ್ಲಿ ನೀರಿನ ವಿಹಾರ ಯಾವಾಗಲೂ ನೀರಿನ ದುಡಿಮೆಯ ಬೆನ್ನಿಗೇ ಬಂದಿದೆ.

ಇದು ದೊರೆಗಳಿಗೆ ಪುಕ್ಕಟೆ ಹೊಗಳಿಕೆ, ರೈತ ಬಾಯಾರಿದ್ದಾಗ ಅರಮನೆ ಮೀಯುತ್ತಿತ್ತು ಎಂದು ಯಾರಾದರೂ ಆಕ್ಷೇಪಿಸಬಹುದು. ಕುಮಟಗಿ ಅರಮನೆಯವರದೇ ಭೋಗ, ನಿಜ. ಆದರೆ ತಲಾಬು, ಬಾವಡಿ, ಸುರಂಗಗಳು ಊರಿನ ಸೊತ್ತಾಗಿದ್ದವು. ಬಬಲೇಶ್ವರ ಭಾಗದ ಮಮದಾಪುರದ ದೊಡ್ಡ ಕೆರೆಯೂ ಮಹಮ್ಮದನ ಕಾಲದ್ದೇ. 1686ರಲ್ಲಿ ಮೊಗಲರು ನಗರ ಗೆದ್ದ ಮೇಲೆ ಆಳುವ ಮನೆ ಹೋಯಿತು, ನೋಡಿಕೊಳ್ಳುವ ಕೈ ತಪ್ಪಿತು, ಕೊಳವೆಗಳು ಹೂತುಹೋದವು. ಜಲಮಂಜಿಲ್ ಈಗ ರಸ್ತೆ ಬದಿಯ ಒಣ ಕಟ್ಟಡ. ಪೂರೈಕೆ ನಿಂತ ಮೇಲೆ ವಿಹಾರವೂ ಉಳಿಯಲಿಲ್ಲ.

ಜಿಲ್ಲೆಯ ನಿಜವಾದ ದೋಣಿ ಹರಿಗೋಲು. ಬಿದಿರು ಹೆಣೆದು ಚರ್ಮ ಹೊದಿಸಿದ ಆ ಬುಟ್ಟಿದೋಣಿ ಕೃಷ್ಣೆಯಲ್ಲಿ ಸಂತೆಗೆ ಹೋಗುವ ಜನರನ್ನೂ ಚೀಲಗಳನ್ನೂ ದಾಟಿಸುತ್ತಿತ್ತು. ಅದು ಹೊಟ್ಟೆಪಾಡಿನ ಸವಾರಿ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟು ತುಂಬಿದ ಮೇಲೆ ಚಿತ್ರವೇ ಬದಲಾಯಿತು. ಮಡಕೆ ಮೊಸರಿಗೆ ಹೆಸರಾದ ಕೊಲ್ಹಾರದ ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿತು, ಹಳೆ ಬಾಗಲಕೋಟೆಯ ಬಹುಭಾಗವೂ ಮುಳುಗಿತು. ಅದೇ ಕೃಷ್ಣೆಯ ನೀರನ್ನು ಮೇಲೆತ್ತಿ ಈಚಿನ ವರ್ಷಗಳಲ್ಲಿ ಬಬಲೇಶ್ವರ, ತಿಕೋಟಾ ಕಡೆಯ ಕೆರೆಗಳನ್ನು ತುಂಬಿಸಲಾಗುತ್ತಿದೆ. ತುಂಬಿದ ಕೆರೆಯಲ್ಲಿ ದೋಣಿ ಬಿಟ್ಟರೆ ನಾಲ್ಕು ಜನರಿಗೆ ಕೆಲಸ ಸಿಗುತ್ತದಲ್ಲ ಎಂಬ ವಾದ ಹುರುಳಿಲ್ಲದ್ದಲ್ಲ. ಬಿಡಲಿ. ಆದರೆ ಆ ನೀರಿಗೆ ಮನೆ ಬಿಟ್ಟವರ ಋಣವಿದೆ, ಅದನ್ನು ಮೇಲೆತ್ತುವ ವಿದ್ಯುತ್ತಿನ ಖರ್ಚಿದೆ. ಕುಡಿಯುವ ಬಾಯಿಗೆ ಮೊದಲು, ಬಾವಿಯ ಸೆಲೆಗೂ ಹೊಲಕ್ಕೂ ಆಮೇಲೆ, ದೋಣಿಗೆ ಕೊನೆಗೆ. ಬೇಸಿಗೆಯಲ್ಲಿ ದೋಣಿ ತೇಲಲಿ ಎಂದು ತೂಬು ಮುಚ್ಚುವ ದಿನ ಬಂದರೆ, ಆ ದೋಣಿಯನ್ನು ದಡಕ್ಕೆ ಎಳೆಯಬೇಕು.