ಅಂತರಜಾಲಕ್ಕೆ ಗಡಿ ಬಂದ ಬಗೆ

2000ನೇ ಇಸವಿಯಲ್ಲಿ ಅಮೆರಿಕದ ಯಾಹೂ ಕಂಪನಿಯನ್ನು ಪ್ಯಾರಿಸ್‌ನ ನ್ಯಾಯಾಲಯಕ್ಕೆ ಎಳೆಯಲಾಯಿತು. ಅದರ ಹರಾಜು ತಾಣದಲ್ಲಿ ನಾಜಿ ಕಾಲದ ವಸ್ತುಗಳು ಬಿಕರಿಗಿದ್ದವು. ಫ್ರಾನ್ಸಿನಲ್ಲಿ ಅಂಥ ಲಾಂಛನಗಳ ಪ್ರದರ್ಶನವೇ ಅಪರಾಧ. ಅಮೆರಿಕದಲ್ಲಿ ಅದಕ್ಕೂ ವಾಕ್ ಸ್ವಾತಂತ್ರ್ಯ ಕಾಯುವ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆಯುಂಟು. ನೋಡುವವರು ಯಾವ ದೇಶದವರೆಂದು ತಿಳಿಯುವ ದಾರಿ ತನಗಿಲ್ಲ ಎಂದಿತು ಯಾಹೂ. ನ್ಯಾಯಾಧೀಶ ಗೋಮೆಜ್ ಮೂವರು ತಜ್ಞರನ್ನು ನೇಮಿಸಿದರು. ಅಂತರಜಾಲದ ಪಿತಾಮಹರಲ್ಲೊಬ್ಬರಾದ ವಿಂಟ್ ಸರ್ಫ್ ಅವರಲ್ಲಿದ್ದರು. ಐಪಿ ವಿಳಾಸದಿಂದಲೇ ಫ್ರಾನ್ಸಿನ ಬಳಕೆದಾರರಲ್ಲಿ ಸುಮಾರು ಶೇ 70ರಷ್ಟು ಜನರನ್ನು ಗುರುತಿಸಬಹುದು ಎಂಬ ಅಂದಾಜು ಹೊರಬಿತ್ತು. ಅಷ್ಟಕ್ಕೂ ಫ್ರಾನ್ಸಿನಿಂದ ಬಂದವರಿಗೆ ಯಾಹೂ ಫ್ರೆಂಚ್ ಜಾಹೀರಾತನ್ನೇ ತೋರಿಸುತ್ತಿತ್ತು! ವ್ಯಾಪಾರಕ್ಕೆ ಸಿಕ್ಕುವ ಗುರುತು ಕಾನೂನಿಗೆ ಮಾತ್ರ ಸಿಕ್ಕದೆಂದರೆ ಯಾರು ನಂಬುತ್ತಾರೆ? ಫ್ರಾನ್ಸಿನವರಿಗೆ ಆ ವಸ್ತುಗಳು ಸಿಗದಂತೆ ತಡೆಯಬೇಕು, ತಪ್ಪಿದರೆ ದಿನಕ್ಕೆ ಒಂದು ಲಕ್ಷ ಫ್ರಾಂಕ್ ದಂಡವೆಂದು ಆದೇಶವಾಯಿತು. 2001ರ ಜನವರಿಯಲ್ಲಿ ಯಾಹೂ ಆ ವಸ್ತುಗಳನ್ನು ಕೈಬಿಟ್ಟಿತು.

ಮುಂದಿನ ಎರಡೂವರೆ ದಶಕಗಳ ಕಥೆಯೆಲ್ಲ ಈ ಮೊಕದ್ದಮೆಯಲ್ಲೇ ಅಡಗಿದೆ ಎಂಬುದು ನನ್ನ ಅನಿಸಿಕೆ. ಚೀನಾದಲ್ಲಿ ಇದೇ ಯಾಹೂ ಒದಗಿಸಿದ ಇಮೇಲ್ ಮಾಹಿತಿಯೂ ಸೇರಿಕೊಂಡು 2005ರಲ್ಲಿ ಪತ್ರಕರ್ತ ಶಿ ತಾವೊಗೆ ಹತ್ತು ವರ್ಷ ಜೈಲಾಯಿತು. ಗೂಗಲ್ 2006ರಲ್ಲಿ ಸೆನ್ಸಾರ್ ಒಪ್ಪಿಕೊಂಡೇ ಅಲ್ಲಿಗೆ ಹೋಗಿ, 2010ರಲ್ಲಿ ತನ್ನ ಶೋಧ ಸೇವೆಯನ್ನು ಹಾಂಗ್‌ಕಾಂಗ್‌ಗೆ ಸಾಗಿಸಿತು. 2012ರಲ್ಲಿ ಟ್ವಿಟರ್ ಮಧ್ಯದ ದಾರಿ ಹಿಡಿಯಿತು: ಆಕ್ಷೇಪ ಬಂದ ದೇಶದಲ್ಲಿ ಮಾತ್ರ ಪೋಸ್ಟ್ ಮರೆಯಾಗುತ್ತದೆ, ಉಳಿದೆಡೆ ಇರುತ್ತದೆ. ಜಾಣ ಏರ್ಪಾಡೇ, ಆದರೆ ಸರ್ಕಾರಗಳ ಕೆಲಸವನ್ನು ಅದು ಬಹಳ ಸಲೀಸು ಮಾಡಿಕೊಟ್ಟಿತು. ದ್ವೇಷಭಾಷಣದ ವಿಷಯದಲ್ಲಿ ಇತಿಹಾಸದ ಗಾಯ ಹೊತ್ತ ಜರ್ಮನಿ 2017ರ ಕಾಯ್ದೆಯಲ್ಲಿ, ಮೇಲ್ನೋಟಕ್ಕೇ ಕಾನೂನುಬಾಹಿರವಾದದ್ದನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದಿತು. ದಂಡ ಐದು ಕೋಟಿ ಯೂರೊವರೆಗೆ ಇತ್ತು. ಅನುಮಾನ ಬಂದರೆ ಅಳಿಸಿಬಿಡುವುದೇ ಕಂಪನಿಗೆ ಲಾಭ.

ನಮ್ಮಲ್ಲಿ ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಆಕ್ಷೇಪಾರ್ಹ ಆನ್‌ಲೈನ್ ಸಂದೇಶವನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಮಾಡಿತು, ತಡೆ ಹಾಕುವ ಅಧಿಕಾರ ಕೊಡುವ 69ಎ ಕಲಮನ್ನು ಉಳಿಸಿತು. ಅದರಡಿಯ ಆದೇಶಗಳ ವಿರುದ್ಧ ಟ್ವಿಟರ್ ಬಂದದ್ದು ಬೆಂಗಳೂರಿಗೆ. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟ್ ಅರ್ಜಿ ವಜಾಮಾಡಿ 50 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಕಂಪನಿ ಎಕ್ಸ್ ಎಂದು ಹೆಸರು ಬದಲಿಸಿ, ಆನ್‌ಲೈನ್ ವಿಷಯ ತೆಗೆಯುವಂತೆ ಕಂಪನಿಗಳಿಗೆ ಸೂಚನೆ ಕಳಿಸುವ ಕೇಂದ್ರದ 'ಸಹಯೋಗ್' ಪೋರ್ಟಲ್ ಪ್ರಶ್ನಿಸಿ ಮತ್ತೆ ಬಂದಾಗ, 2025ರ ಸೆಪ್ಟೆಂಬರಿನಲ್ಲಿ ಆ ಅರ್ಜಿಯೂ ಬಿತ್ತು: ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರದ್ದು, ವಿದೇಶಿ ಕಂಪನಿಯದ್ದಲ್ಲ.

ಮಾತೇನೋ ಸರಿಯೇ. ಆದರೆ 2009ರ ನಿಯಮಗಳ ಪ್ರಕಾರ 69ಎ ಅಡಿಯ ದೂರು, ಕ್ರಮ ಎಲ್ಲವೂ ಗೋಪ್ಯ. ಹಕ್ಕಿರುವ ನಾಗರಿಕನಿಗೆ ಹಲವು ಸಲ ಆದೇಶದ ಪ್ರತಿಯೇ ಕೈಗೆ ಸಿಗುವುದಿಲ್ಲ. ಪ್ರತಿ ಕೈಯಲ್ಲಿರುವ ಕಂಪನಿಗೆ ಆ ಹಕ್ಕಿಲ್ಲ.