ಸುರಪುರ ಸೀಮೆಯ ಕಲ್ಗೋರಿಗಳು ಮತ್ತು ಮೆಡೋಸ್ ಟೇಲರನ ನಕ್ಷೆಗಳು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಬಯಲಿನಲ್ಲಿ, ಇಂದಿನ ಯಾದಗಿರಿ ಹಾಗೂ ಕಲಬುರಗಿ ಜಿಲ್ಲೆಗಳಿಗೆ ಸೇರಿದ ಊರುಗಳ ಹೊರವಲಯದಲ್ಲಿ, ಬೃಹತ್ ಶಿಲಾ ಸಮಾಧಿಗಳು, ಅಂದರೆ ದೊಡ್ಡ ಚಪ್ಪಡಿಗಳನ್ನು ಹೂಡಿಯೋ ಗುಂಡುಕಲ್ಲುಗಳನ್ನು ಸುತ್ತುವರಿಸಿಯೋ ಕಟ್ಟಿದ ಪ್ರಾಚೀನ ಗೋರಿಗಳು, ಒಂದು ಕಾಲಕ್ಕೆ ಹೇರಳವಾಗಿದ್ದವು. ನವಶಿಲಾಯುಗದ ಕೊನೆಯ ಹಂತದಲ್ಲಿ ಕಾಣಿಸಿಕೊಂಡು ಕಬ್ಬಿಣಯುಗದಲ್ಲಿ ವ್ಯಾಪಕವಾದ ಈ ಪದ್ಧತಿಯ ಬಗ್ಗೆ ಇಲ್ಲಿ ದೊರೆಯುವ ಮೊದಲ ವಿವರವಾದ ದಾಖಲೆ ಫಿಲಿಪ್ ಮೆಡೋಸ್ ಟೇಲರನದು.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ನಿಜಾಮನ ಸೇವೆಗೆ ಸೇರಿ, 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಟೇಲರ್, ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸೀಮೆಯನ್ನೆಲ್ಲ ಸುತ್ತುವಾಗ ರಾಜನಕೋಳೂರಿನ ಕಲ್ಮನೆಗಳನ್ನು ಕಂಡನು. ಮೂರು ಅಥವಾ ನಾಲ್ಕು ಚಪ್ಪಡಿಗಳನ್ನು ನೆಟ್ಟು, ಮೇಲೊಂದು ಭಾರಿ ಚಪ್ಪಡಿಯನ್ನು ಹೊದಿಸಿದ ಈ ರಚನೆಗಳಲ್ಲಿ ಕೆಲವು ಒಂದು ಬದಿ ಪೂರ್ತಿ ತೆರೆದಿದ್ದರೆ, ಇನ್ನು ಕೆಲವು ನಾಲ್ಕೂ ಬದಿ ಮುಚ್ಚಿ, ಒಂದು ಚಪ್ಪಡಿಯಲ್ಲಿ ಮಾತ್ರ ದುಂಡನೆಯ ಕಿಂಡಿಯನ್ನು ಕೊರೆಸಿಕೊಂಡಿದ್ದವು. ಇವು ಕುಳ್ಳರಾದರೂ ಮಹಾಬಲರಾದ ಮೋರೇರ ಮನೆಗಳೆಂಬ ಊರವರ ನಂಬಿಕೆಯನ್ನೂ ಅವನು ಬರೆದಿಟ್ಟನು.

ಅವನ ನಿಜವಾದ ಸಾಧನೆ ಇರುವುದು ಜೇವರ್ಗಿಯ ಅಗೆತದಲ್ಲಿ. ಶಿಲಾವೃತ್ತದ, ಎಂದರೆ ಗುಂಡುಗಳ ಬಳೆಯ ನಡುವೆ ರಾಶಿ ಹಾಕಿದ ಕಲ್ಲುಗಳನ್ನು ಸರಿಸಿ, ಕೆಳಗಿನ ಮಣ್ಣಿನ ಪದರಗಳನ್ನು ಒಂದೊಂದಾಗಿ ಗುರುತಿಸಿ, ಅಸ್ಥಿಪಂಜರಗಳು, ಮಡಕೆಗಳು, ಕಬ್ಬಿಣದ ಆಯುಧಗಳು ಯಾವ ಆಳದಲ್ಲಿ ಹೇಗೆ ಬಿದ್ದಿದ್ದವೆಂಬುದನ್ನು ಅವನು ಛೇದಚಿತ್ರಗಳಲ್ಲಿ, ಅಂದರೆ ನೆಲವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಕ್ಷೆಗಳಲ್ಲಿ, ಬರೆದನು. ಗೋರಿಗಳನ್ನು ನಿಧಿಗಾಗಿಯೋ ಕುತೂಹಲಕ್ಕಾಗಿಯೋ ಒಡೆಯುವುದೇ ರೂಢಿಯಾಗಿದ್ದ ಆ ದಿನಗಳಲ್ಲಿ ಇಂಥ ಶಿಸ್ತು ಯುರೋಪಿನಲ್ಲೂ ಅಪರೂಪವಾಗಿತ್ತು; ಒಂದು ಶತಮಾನದ ಬಳಿಕ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಈ ನಕ್ಷೆಗಳನ್ನು ಮೆಚ್ಚಿ ಬರೆದುದು ಅದಕ್ಕಾಗಿಯೇ.

ಆದರೆ ಟೇಲರನ ತೀರ್ಮಾನಗಳು ನಿಲ್ಲಲಿಲ್ಲ. ಬ್ರಿಟನ್ನಿನ ಗೋರಿಗಳೊಡನೆ ಇವಕ್ಕಿದ್ದ ಹೋಲಿಕೆಯನ್ನು ಕಂಡು ಅವನು ಇವನ್ನು ಕೆಲ್ಟರು ಅಥವಾ ಸಿಥಿಯನರ ಕೃತಿಗಳೆಂದು ಊಹಿಸಿದನು; ದೇಹದಿಂದ ಬೇರ್ಪಟ್ಟ ತಲೆಬುರುಡೆಗಳಲ್ಲಿ ನರಬಲಿಯನ್ನು ಕಂಡನು. 1947ರಲ್ಲಿ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆದು, ನವಶಿಲಾಯುಗದ ನೆಲೆಯ ನಂತರ ಈ ಸಮಾಧಿಗಳ ಸಂಸ್ಕೃತಿ ಬಂದುದನ್ನು ಪದರಗಳ ಆಧಾರದಿಂದಲೇ ತೋರಿಸಿದರು. ಅವರು ಅದಕ್ಕೆ ಕೊಟ್ಟ ಕಾಲ, ಕ್ರಿಸ್ತಪೂರ್ವ 200ರ ಆಸುಪಾಸು, ತೀರಾ ಈಚಿನದೆಂಬುದು ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನ ಮತ್ತು ಇಂಗಾಲದ ಕಾಲಗಣನೆಯಿಂದ ಸ್ಪಷ್ಟವಾಯಿತು. ದಕ್ಷಿಣದಲ್ಲಿ ಕಬ್ಬಿಣದ ಬಳಕೆಯೇ ಕ್ರಿಸ್ತಪೂರ್ವ 1000ದಷ್ಟು ಹಿಂದಕ್ಕೆ ಸರಿಯಿತು.

ಹೀಗೆ ಊಹೆಗಳು ಒಂದರ ಹಿಂದೊಂದು ಬಿದ್ದುಹೋದರೂ ಅಳತೆಗಳ ಬೆಲೆ ಹೆಚ್ಚುತ್ತಲೇ ಬಂದಿದೆ. ಟೇಲರ್ ವಿವರಿಸಿದ, ಶಹಾಪುರದ ಬಳಿಯ ವಿಭೂತಿಹಳ್ಳಿಯ ಗುಂಡುಕಲ್ಲಿನ ಸಾಲುಗಳು ಕಲ್ಲು ಒಡೆಯುವವರ ಕೈಗೆ ಸಿಕ್ಕಿ ಬಹಳ ಹಾಳಾಗಿವೆ. ಉತ್ತು ಬಿತ್ತುವ ನೆಲದಲ್ಲಿ ಇಂಥ ಕಲ್ಲುಗಳು ಅಡ್ಡಿಯೆನಿಸುವುದು ಸಹಜವೇ. ಆದರೆ ಸ್ಥಾನ ಬಿಟ್ಟ ಕಲ್ಲು ಚರಿತ್ರೆಗೆ ಏನನ್ನೂ ಹೇಳಲಾರದು. ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆ 1941ರಲ್ಲಿ ಟೇಲರನ ಲೇಖನಗಳನ್ನು ಒಂದೇ ಸಂಪುಟವಾಗಿ ಮರುಮುದ್ರಿಸಿತು. ಆ ಪುಟಗಳನ್ನು ಕೈಯಲ್ಲಿ ಹಿಡಿದು, ಜೇವರ್ಗಿ, ಸುರಪುರ, ಶಹಾಪುರಗಳ ಹೊಲಗಳನ್ನು ಸರ್ವೆ ನಂಬರಿನ ಪ್ರಕಾರ ಮತ್ತೊಮ್ಮೆ ನಡೆದು, ಉಳಿದ ಪ್ರತಿಯೊಂದು ಗೋರಿಯನ್ನೂ ಅಳೆದು ದಾಖಲಿಸುವ ಕೆಲಸವನ್ನು ಆ ಭಾಗದ ಕಾಲೇಜುಗಳ ಇತಿಹಾಸ ವಿಭಾಗಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕು.